ಮಾಲೆಯ ಹೆಸರು, ಪುಸ್ತಕದ ಹೆಸರು

1983ರ ಮಳೆಗಾಲ. ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಹಾಸ್ಟೆಲಿನ ಹುಡುಗರು ಸೇರಿ ಏರ್ಪಡಿಸಿದ್ದ ಸಭೆಗೆ ಬಂದ ಭಾಷಣಕಾರರೊಬ್ಬರು, ಅಂಬೇಡ್ಕರರ 'ಅನಿಹಿಲೇಷನ್ ಆಫ್ ಕ್ಯಾಸ್ಟ್' ಓದದೆ ಜಾತಿಯ ಬಗ್ಗೆ ಬಾಯಿ ಬಿಡಬೇಡಿ ಎಂದು ಗದರಿ ಹೋದರು. ಬೈಸಿಕೊಂಡ ಬಿಸಿಯಲ್ಲೇ ಮಾರನೆಯ ದಿನ ಕಾಲೇಜಿನ ಲೈಬ್ರರಿಗೆ ಹೋದೆ. ಕೌಂಟರಿನ ಆಚೆ ಕೂತಿದ್ದವರು ಕೆಟ್ಟವರೇನಲ್ಲ. 'ಕಾರ್ಡು ನೋಡಪ್ಪ, ಇದ್ರೆ ನಂಬರು ಬರಕೊಂಡು ಬಾ' ಅಂದರು.

ಮರದ ಬೀರು, ಸಣ್ಣ ಸಣ್ಣ ಖಾನೆಗಳು, ಪ್ರತಿ ಖಾನೆಯಲ್ಲೂ ತೂತಿನ ಮೂಲಕ ಕಬ್ಬಿಣದ ಸರಳು ಹಾಯಿಸಿ ಜೋಡಿಸಿದ ಕಾರ್ಡುಗಳು. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಅಂಥದನ್ನು ಮುಟ್ಟಿದವರಲ್ಲ. ಇಂಗ್ಲಿಷಿನ 'ಎ' ಅಕ್ಷರದ ಖಾನೆ ಎಳೆದು ಒಂದೊಂದೇ ತಿರುವಿದೆ. 'ಅನಿಹಿಲೇಷನ್' ಇರಲಿಲ್ಲ. ಅಂಬೇಡ್ಕರ್ ಎಂಬ ಹೆಸರಿನ ಕೆಳಗೆ ನೋಡಿದೆ. ಒಂದೇ ಒಂದು ಕಾರ್ಡು: 'ಡಾ. ಬಾಬಾಸಾಹೇಬ್ ಅಂಬೇಡ್ಕರ್, ರೈಟಿಂಗ್ಸ್ ಅಂಡ್ ಸ್ಪೀಚಸ್. ಸಂ. 1–. ಬೊಂಬಾಯಿ, ಮಹಾರಾಷ್ಟ್ರ ಸರ್ಕಾರ, 1979–.' ಇದು ಯಾವುದೋ ಭಾಷಣಗಳ ಕಟ್ಟು, ನನಗೆ ಬೇಕಾದ್ದಲ್ಲ ಅಂದುಕೊಂಡೆ. ಕೌಂಟರಿನವರೂ 'ಕಾರ್ಡಿಲ್ಲ ಅಂದ್ರೆ ಪುಸ್ತಕ ಇಲ್ಲ ಕಣಪ್ಪ' ಅಂದರು. ವಾಪಸು ಬಂದೆ.

ಪುಸ್ತಕ ಇತ್ತು. ನಾನು ನಿಂತಿದ್ದ ಜಾಗದಿಂದ ಹತ್ತು ಹೆಜ್ಜೆ ಆಚೆಗಿನ ಕಪಾಟಿನಲ್ಲಿ ಆ ಸಂಪುಟ 1ರ ಹೊಟ್ಟೆಯೊಳಗೇ ಇತ್ತು. ಅದು ಗೊತ್ತಾಗಿದ್ದು ಮೂರು ವರ್ಷದ ಮೇಲೆ, ನಾನೇ ಇನ್ನೊಂದು ಊರಿನ ಗ್ರಂಥಾಲಯದಲ್ಲಿ ಸಹಾಯಕನಾಗಿ ಸೇರಿ, ಅದೇ ಸಂಪುಟದ ಧೂಳು ಒರೆಸುತ್ತಾ ಪರಿವಿಡಿಯ ಪುಟ ತೆರೆದಾಗ.

ಯಾರ ಮೇಲೂ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಆ ಕಾರ್ಡು ಬರೆದವರು ನಿಯಮದ ಪ್ರಕಾರವೇ ಬರೆದಿದ್ದರು. ಆ ನಿಯಮಕ್ಕೊಂದು ಚರಿತ್ರೆ ಇದೆ. ಗುಡಿ, ಬಾವಿ, ಶಾಲೆಗಳ ಬಾಗಿಲಿನ ಚರಿತ್ರೆಯನ್ನು ನಾವು ಬರೆದುಕೊಂಡಿದ್ದೇವೆ. ಗ್ರಂಥಾಲಯದ ಒಳಗೆ ಕಾಲಿಟ್ಟ ಮೇಲೂ ಒಂದು ಬಾಗಿಲಿದೆ, ಅದು ಮೂರು ಅಂಗುಲ ಅಗಲದ ಕಾರ್ಡು ಎಂಬುದು ನನಗೆ ಆ ಕೆಲಸದಲ್ಲಿ ವರ್ಷಗಟ್ಟಲೆ ಕೂತ ಮೇಲೆ ತಿಳಿಯಿತು.

ಕೆಲವು ಪುಸ್ತಕಗಳಿಗೆ ಎರಡು ಹೆಸರಿರುತ್ತವೆ. ಒಂದು ಅದರ ಸ್ವಂತ ಹೆಸರು. ಇನ್ನೊಂದು ಅದು ಸೇರಿದ ಮಾಲೆಯ ಹೆಸರು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರ ಪುಸ್ತಕಮಾಲೆಯನ್ನು ಹಳೆಯ ತಲೆಮಾರಿನವರು ಬಲ್ಲರು. ಹಳ್ಳಿಹಳ್ಳಿಗೆ ಹೋಗಿ ಮಾಡಿದ ಉಪನ್ಯಾಸಗಳು ಪುಟ್ಟ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಬರುತ್ತಿದ್ದವು. ಪ್ರತಿಯೊಂದಕ್ಕೂ ತನ್ನದೇ ವಿಷಯ, ತನ್ನದೇ ಹೆಸರು. ಎಲ್ಲಕ್ಕೂ ಸೇರಿ ಮಾಲೆಯ ಹೆಸರೊಂದು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯದು ಇನ್ನೊಂದು ಬಗೆ. ಚಂದಾ ಕೊಟ್ಟವರಿಗೆ ಪುಸ್ತಕ ತಲುಪಿಸುವ ಏರ್ಪಾಡು ಅದು. ಅಲ್ಲಿ 'ಗ್ರಂಥಮಾಲೆ' ಎಂಬುದು ಮಾಲೆಯೂ ಹೌದು, ಪ್ರಕಾಶಕನೂ ಹೌದು. ಹಾಗಾದರೆ ಸೂಚಿ ಬರೆಯುವವನು ಅದನ್ನು ಪ್ರಕಾಶಕರ ಜಾಗದಲ್ಲಿ ಬರೆಯಬೇಕೋ, ಕೊನೆಯ ಬ್ರಾಕೆಟ್ಟಿನಲ್ಲಿ ಹಾಕಬೇಕೋ? ನಾನು ಎರಡೂ ಥರದ ಕಾರ್ಡು ನೋಡಿದ್ದೇನೆ, ಒಂದೇ ಖಾನೆಯಲ್ಲಿ, ಒಂದರ ಹಿಂದೊಂದು.

ನಮ್ಮವರನ್ನೂ ಬಿಡುವ ಹಾಗಿಲ್ಲ. ಚಳವಳಿಯ ದಿನಗಳಲ್ಲಿ ಗೆಳೆಯರು ಸಾಲ ಮಾಡಿ ತಂದ ಪುಸ್ತಕಗಳ ಬೆನ್ನಿಗೆ 'ನಮ್ಮ ಮಾಲೆ–4' ಎಂದು ಹಾಕಿರುತ್ತಿತ್ತು. ನನ್ನ ಹತ್ತಿರ 4 ಎರಡಿವೆ, 5 ಇಲ್ಲವೇ ಇಲ್ಲ. ಕೇಳಿದರೆ 'ಐದನೇದು ಪ್ರೆಸ್ಸಲ್ಲೇ ನಿಂತೋಯ್ತು, ದುಡ್ಡಿರಲಿಲ್ಲ' ಅಂದರು. ಇಲ್ಲದ 5ಕ್ಕಾಗಿ ಕಾದು ಕೂತ ಗ್ರಂಥಪಾಲಕರು ಎಲ್ಲೆಲ್ಲಿದ್ದಾರೋ.

ಈ ಎರಡು ಹೆಸರುಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ? ಯಾವುದನ್ನು ಹಿಡಿದು ಬಂದವನಿಗೆ ಪುಸ್ತಕ ಸಿಗಬೇಕು? ಮಾಲೆಯ ಹೆಸರನ್ನು ಬರೆಯುವ ಕ್ರಮದ ಹಿಂದಿರುವ ಜಗಳ ಇಷ್ಟೇ.

ಆಧುನಿಕ ಗ್ರಂಥಸೂಚಿಯ ನಿಯಮಗಳ ಚರಿತ್ರೆಯನ್ನು ಸಾಮಾನ್ಯವಾಗಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಿಂದ ಶುರುಮಾಡುತ್ತಾರೆ. ಅಲ್ಲಿಗೆ 1831ರಲ್ಲಿ ಕೆಲಸಕ್ಕೆ ಸೇರಿದ ಆಂಟೋನಿಯೋ ಪನಿಜ್ಜಿ ಇಟಲಿಯವನು. ಅಲ್ಲಿಯ ಅರಸೊತ್ತಿಗೆಯ ವಿರುದ್ಧ ಗುಪ್ತ ಸಂಘದಲ್ಲಿದ್ದನೆಂದು ಅವನಿಗೆ ಮರಣದಂಡನೆ ವಿಧಿಸಿದ್ದರು. ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದು ಹೊಟ್ಟೆ ಹೊರೆಯಲು ಭಾಷೆ ಕಲಿಸುತ್ತಿದ್ದ. 1836ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ನಿಂತು ಆತ ಹೇಳಿದ ಮಾತಿನ ತಿರುಳು, ಪುಸ್ತಕದ ವಿಷಯಕ್ಕೆ ಬಂದರೆ ಬಡ ವಿದ್ಯಾರ್ಥಿಗೂ ದೇಶದ ಅತಿ ದೊಡ್ಡ ಸಾಹುಕಾರನಿಗೂ ಒಂದೇ ಅನುಕೂಲ ಇರಬೇಕು ಎಂಬುದು. 1841ರಲ್ಲಿ ಅವನ 91 ನಿಯಮಗಳು ಅಚ್ಚಾದವು. ಪುಸ್ತಕದ ಪಟ್ಟಿ ಮಾಡಲು ಇಷ್ಟೊಂದು ನಿಯಮವೇ, ಗುಮಾಸ್ತನೊಬ್ಬ ಕೂತು ಬರೆದರೆ ಮುಗಿಯಿತಲ್ಲ ಎಂದು ದೊಡ್ಡ ದೊಡ್ಡ ವಿದ್ವಾಂಸರೇ ಗೊಣಗಿದರು. 1847ರಿಂದ 1849ರವರೆಗೆ ರಾಜಾಜ್ಞೆಯ ವಿಚಾರಣಾ ಆಯೋಗವೇ ಕೂತಿತು. ಪನಿಜ್ಜಿ ಗೆದ್ದ. ಪುಸ್ತಕವನ್ನು ಪಟ್ಟಿಗೆ ಸೇರಿಸುವುದು ಗುಮಾಸ್ತಿಕೆಯಲ್ಲ, ತೀರ್ಮಾನದ ಕೆಲಸ ಎಂದು ಅವತ್ತು ಒಪ್ಪಿಗೆಯಾಯಿತು.

ಇದಾಗಿ 70 ವರ್ಷಗಳ ಮೇಲೆ, 1920ರ ನಂತರದ ಆ ಎರಡು ಮೂರು ವರ್ಷ, ಅಂಬೇಡ್ಕರರು ಅದೇ ಮ್ಯೂಸಿಯಮ್ಮಿನ ಓದುಮನೆಯಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ಓದಿದರು. ಅಚ್ಚಾದ ಚೀಟಿಗಳನ್ನು ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಅಂಟಿಸಿದ ಅಲ್ಲಿನ ಸೂಚಿಯ ಬೇರು ಪನಿಜ್ಜಿಯ ನಿಯಮಗಳಲ್ಲಿತ್ತು. ಆ ಓದಿನ ಫಲವಾದ 'ದಿ ಪ್ರಾಬ್ಲಮ್ ಆಫ್ ದಿ ರುಪೀ' 1923ರಲ್ಲಿ ಹೊರಬಂತು. ಈಗ ಅದು ಮಹಾರಾಷ್ಟ್ರ ಸರ್ಕಾರದ ಮಾಲೆಯಲ್ಲಿ ಸಂಪುಟ 6ರೊಳಗೆ ಇದೆ. ಸಂಪುಟ 6 ಎಂದು ಮಾತ್ರ ಬರೆದ ಕಾರ್ಡಿನಿಂದ ಅದು ಯಾರಿಗೆ ಗೊತ್ತಾಗಬೇಕು?

ಅಮೆರಿಕದಲ್ಲಿ ಚಾರ್ಲ್ಸ್ ಕಟರ್ ಎಂಬಾತ 1876ರಲ್ಲಿ ಸೂಚಿಯ ನಿಯಮಗಳ ಪುಸ್ತಕ ತಂದ. ಸೂಚಿಗೆ ಎರಡು ಮುಖ್ಯ ಕೆಲಸ ಎಂದು ಆತ ವಿಂಗಡಿಸಿದ. ಗೊತ್ತಿರುವ ಒಂದು ಪುಸ್ತಕವನ್ನು ಹುಡುಕಿ ಕೊಡುವುದು ಒಂದು. ಒಬ್ಬ ಲೇಖಕನದು, ಒಂದು ವಿಷಯದ್ದು ಏನೇನಿದೆ ಎಂದು ಒಟ್ಟಿಗೆ ತೋರಿಸುವುದು ಇನ್ನೊಂದು. ಹುಡುಕಿಕೊಡು, ಒಟ್ಟುಮಾಡು. ಮಾಲೆಯ ಹೆಸರಿನ ಹತ್ತಿರ ಬಂದಾಗ ಈ ಎರಡೂ ಕೆಲಸ ಒಂದಕ್ಕೊಂದು ಕಾಲು ತೊಡಕುತ್ತವೆ. ಒಟ್ಟುಮಾಡುವ ಉತ್ಸಾಹದಲ್ಲಿ ಒಳಗಿನ ಪುಸ್ತಕ ಕಾಣದೆ ಹೋಗುತ್ತದೆ. ಒಂದೊಂದನ್ನೇ ಬಿಡಿಸಿ ಬರೆದರೆ ಇವೆಲ್ಲ ಒಂದೇ ಮಾಲೆಯವು ಎಂಬ ಸುಳಿವು ಹೋಗುತ್ತದೆ.

ಅದಕ್ಕೆ ಕಂಡುಕೊಂಡ ಉಪಾಯವೇ ಬ್ರಾಕೆಟ್ಟು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1901ರಿಂದ ತನ್ನ ಕಾರ್ಡುಗಳನ್ನು ಅಚ್ಚು ಹಾಕಿ ಬೇರೆ ಗ್ರಂಥಾಲಯಗಳಿಗೆ ಮಾರತೊಡಗಿತು. ಆ ಕಾರ್ಡಿನಲ್ಲಿ ಲೇಖಕ, ಹೆಸರು, ಊರು, ಪ್ರಕಾಶಕ, ವರ್ಷ, ಪುಟ, ಅಳತೆ ಎಲ್ಲ ಮುಗಿದ ಮೇಲೆ ದುಂಡು ಬ್ರಾಕೆಟ್ಟಿನಲ್ಲಿ ಮಾಲೆಯ ಹೆಸರು, ಅದರ ಸಂಖ್ಯೆ. ಕಾರ್ಡಿನ ಅಡಿಯಲ್ಲಿ, ಈ ಪುಸ್ತಕಕ್ಕೆ ಇನ್ನೂ ಯಾವ ಯಾವ ಕಾರ್ಡು ಬರೆದು ಯಾವ ಯಾವ ಖಾನೆಗೆ ಹಾಕಬೇಕು ಎಂಬ ಪಟ್ಟಿ. ರೋಮನ್ ಅಂಕಿ ಹಾಕಿ 'ಸೀರೀಸ್' ಎಂಬ ಪದ ಅಲ್ಲಿದ್ದರೆ ಮಾಲೆಯ ಹೆಸರಿನಲ್ಲೂ ಒಂದು ಕಾರ್ಡು ಹುಟ್ಟುತ್ತದೆ. ಇಲ್ಲದಿದ್ದರೆ ಇಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ, ಹೊರಗಿನವರಿಗೆ ಕಾಣದ್ದು. ಬ್ರಾಕೆಟ್ಟಿನಲ್ಲಿ ಹೆಸರು ಇರುವುದು ಬೇರೆ, ಆ ಹೆಸರು ಹಿಡಿದು ಹುಡುಕಿದರೆ ಪುಸ್ತಕ ಸಿಗುವುದು ಬೇರೆ. ಮೊದಲನೆಯದು ಬರೀ ನಮೂದು. ಎರಡನೆಯದು ದಾರಿ. ಕಂಪ್ಯೂಟರಿಗೆ ಬಂದ ಮೇಲೂ ಈ ಭೇದ ಹೋಗಲಿಲ್ಲ. 1960ರ ದಶಕದಲ್ಲಿ ಹೆನ್ರಿಯೆಟ್ ಅವ್ರಾಮ್ ಎಂಬ ಹೆಣ್ಣುಮಗಳ ಮುಂದಾಳ್ತನದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಕಾರ್ಡನ್ನು ಯಂತ್ರ ಓದುವಂತೆ ಮಾಡಿದಾಗ ಪ್ರತಿ ಸಾಲಿಗೂ ನಂಬರು ಕೊಟ್ಟರು. ಅದಕ್ಕೆ ಮಾರ್ಕ್ ಎಂದು ಹೆಸರು. ಅದರಲ್ಲಿ 490 ಎಂಬ ಸಾಲು, ಪುಸ್ತಕದ ಮೇಲೆ ಮಾಲೆಯ ಹೆಸರು ಹೇಗಿದೆಯೋ ಹಾಗೆ ಬರೆಯಲು. 830 ಎಂಬ ಸಾಲು, ಆ ಹೆಸರಿನ ತಿದ್ದಿದ, ಒಪ್ಪಿತ ರೂಪಕ್ಕೆ. ಹುಡುಕಾಟದ ದಾರಿ ಅದು. ಎರಡೂ ರೂಪ ಒಂದೇ ಆಗಿದ್ದರೆ ಒಂದೇ ಸಾಲಿನಲ್ಲಿ ಎರಡು ಕೆಲಸ ಮುಗಿಸಲು 440 ಎಂಬುದಿತ್ತು. ಗೊಂದಲವಾಗುತ್ತದೆಂದು 2008ರಲ್ಲಿ ಅದನ್ನು ಕೈಬಿಟ್ಟರು. ಚಿಹ್ನೆಗಳ ವಿಚಾರಕ್ಕೆ ಬಂದರೆ, 1969ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸೇರಿದ ತಜ್ಞರ ಸಭೆಯಿಂದ ಹೊರಟ ಅಂತರರಾಷ್ಟ್ರೀಯ ಕ್ರಮ ದುಂಡು ಬ್ರಾಕೆಟ್ಟನ್ನೇ ಉಳಿಸಿಕೊಂಡಿತು. ಮಾಲೆಯ ಹೆಸರಿಗೂ ಸಂಖ್ಯೆಗೂ ನಡುವೆ ಅರ್ಧವಿರಾಮ, ಅದರ ಎರಡೂ ಕಡೆ ಒಂದೊಂದು ಖಾಲಿ ಜಾಗ. ಭಾಷೆ ಬಾರದವನೂ ಆ ಚಿಹ್ನೆ ನೋಡಿಯೇ ಇದು ಮಾಲೆ, ಇದು ಸಂಖ್ಯೆ ಎಂದು ಗುರುತಿಸಬಹುದು. ನಾನು ಆ ಖಾಲಿ ಜಾಗ ಬಿಡದೆ ಟೈಪು ಮಾಡಿ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಅರ್ಧವಿರಾಮದ ಬಗ್ಗೆ ಅಷ್ಟು ಮಡಿ ಮಾಡುತ್ತಿದ್ದವರು ಒಳಗಿನ ಪುಸ್ತಕದ ಬಗ್ಗೆ ಒಂದು ಮಾತೂ ಕೇಳುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಈ ವಿಷಯವನ್ನು ಬೇರಿನಿಂದ ಯೋಚಿಸಿದವರು ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಬರೆದರು. ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬ ಧಾಟಿಯವು. ಕೇಳಲು ಸಾದಾ ಮಾತು. ಓದಿಗೇ ಅಧಿಕಾರಭೇದ ಮಾಡಿದ ನಾಡಿನಲ್ಲಿ ಅದು ಸಾದಾ ಮಾತಲ್ಲ. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು, 1962ರಲ್ಲಿ ಇಲ್ಲಿಯೇ ಡಾಕ್ಯುಮೆಂಟೇಷನ್ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾಯಿತು, 1972ರಲ್ಲಿ ಇಲ್ಲಿಯೇ ತೀರಿಕೊಂಡರು.

1934ರಲ್ಲಿ ಬಂದ ಅವರ 'ಕ್ಲಾಸಿಫೈಡ್ ಕ್ಯಾಟಲಾಗ್ ಕೋಡ್' ಮಾಲೆಯ ಹೆಸರಿಗೆ ಟಿಪ್ಪಣಿಯ ಜಾಗ ಕೊಟ್ಟಿತು, ದುಂಡು ಬ್ರಾಕೆಟ್ಟಿನಲ್ಲಿಯೇ. ಅವರ ಐದು ಸೂತ್ರಗಳ ಪುಸ್ತಕಕ್ಕೇ ಕಾರ್ಡು ಬರೆದರೆ '(ಮದ್ರಾಸ್ ಲೈಬ್ರರಿ ಅಸೋಸಿಯೇಷನ್, ಪಬ್ಲಿಕೇಷನ್ ಸೀರೀಸ್, 2)' ಎಂದಾಗುತ್ತದೆ. ಅಷ್ಟಕ್ಕೇ ಬಿಡದೆ ಮಾಲೆಯ ಹೆಸರಿಗೂ ಪ್ರತ್ಯೇಕ ನಮೂದು ಬರೆಯಿರಿ, ಆ ಹೆಸರು ಮಾತ್ರ ನೆನಪಿಟ್ಟುಕೊಂಡು ಬಂದವನೂ ಬರಿಗೈಯಲ್ಲಿ ಹೋಗಬಾರದು ಎಂದರು. ನನಗೆ ದೊಡ್ಡದೆನಿಸುವುದು ಇನ್ನೊಂದು ಏರ್ಪಾಡು. ಒಂದು ಪುಸ್ತಕದ ಒಳಗೆ ಬೇರೆ ವಿಷಯದ ಬರಹವಿದ್ದರೆ, ಆ ವಿಷಯದ ಜಾಗದಲ್ಲಿ ಒಂದು ಅಡ್ಡ ಉಲ್ಲೇಖದ ಕಾರ್ಡು ಹಾಕಬೇಕು: ಈ ವಿಷಯ ಬೇಕಾದವನು ಇಂಥ ಪುಸ್ತಕದ ಇಂಥ ಭಾಗ ನೋಡಲಿ, ಎಂದು. ಹೊರಗೆ ಬರೆದ ಹೆಸರು ಏನೇ ಇರಲಿ, ಹೊಟ್ಟೆಯೊಳಗಿರುವುದನ್ನು ಹೇಳಬೇಕಾದ್ದು ಸೂಚಿಯ ಧರ್ಮ. ಈ ಕಾರ್ಡುಗಳನ್ನು ಬರೆಯಲು ಕೈ ಬೇಕು, ಹೊತ್ತು ಬೇಕು, ಪುಸ್ತಕ ಬಿಚ್ಚಿ ನೋಡಬೇಕು. ರಂಗನಾಥನ್ ಹೆಸರು ಹೇಳಿ ಪಾಸು ಮಾಡಿದವರೇ ತುಂಬಿದ್ದ ಗ್ರಂಥಾಲಯಗಳಲ್ಲಿ ಅಡ್ಡ ಉಲ್ಲೇಖದ ಕಾರ್ಡು ನನಗೆ ಕಂಡದ್ದು ಅಪರೂಪ. ಪರೀಕ್ಷೆಯಲ್ಲಿ ಬರೆಯುತ್ತಿದ್ದರು, ಕೆಲಸದಲ್ಲಿ ಬರೆಯುತ್ತಿರಲಿಲ್ಲ.

ಈಗ ಎರಡು ಮಾಲೆಗಳನ್ನು ಪಕ್ಕಪಕ್ಕ ಇಡುತ್ತೇನೆ.

ಮೊದಲನೆಯದು 'ಸೇಕ್ರೆಡ್ ಬುಕ್ಸ್ ಆಫ್ ದಿ ಈಸ್ಟ್'. ಮ್ಯಾಕ್ಸ್ ಮುಲ್ಲರ್ ಸಂಪಾದಕತ್ವದಲ್ಲಿ ಆಕ್ಸ್‌ಫರ್ಡಿನಿಂದ 1879ರಿಂದ 1910ರವರೆಗೆ ಬಂದ 50 ಸಂಪುಟಗಳು. ಅದರಲ್ಲಿ 25ನೆಯದು ಮನುಸ್ಮೃತಿ, ಬ್ಯೂಲರ್ ಅನುವಾದ, 1886. ಪುಸ್ತಕದೊಳಗೆ ಮಾಲೆಯ ಹೆಸರೂ ಇದೆ, 'ದಿ ಲಾಸ್ ಆಫ್ ಮನು' ಎಂಬ ಸ್ವಂತ ಹೆಸರೂ ಇದೆ. ಆದ್ದರಿಂದ ಸೂಚಿಕಾರರಿಗೆ ಕೆಲಸ ಸುಲಭ. ಮನುವಿನ ಹೆಸರಿನಲ್ಲಿ ಒಂದು ಕಾರ್ಡು, ಅನುವಾದಕನ ಹೆಸರಿನಲ್ಲಿ ಒಂದು, ವಿಷಯಕ್ಕೊಂದು, ಮಾಲೆಗೊಂದು. ಯಾವ ಖಾನೆ ಎಳೆದರೂ ಮನು ಸಿಗುತ್ತಾನೆ.

ಎರಡನೆಯದು 'ಡಾ. ಬಾಬಾಸಾಹೇಬ್ ಅಂಬೇಡ್ಕರ್ ರೈಟಿಂಗ್ಸ್ ಅಂಡ್ ಸ್ಪೀಚಸ್'. ಮಹಾರಾಷ್ಟ್ರ ಸರ್ಕಾರದ ಶಿಕ್ಷಣ ಇಲಾಖೆ ವಸಂತ ಮೂನ್ ಅವರ ಸಂಪಾದಕತ್ವದಲ್ಲಿ 1979ರಲ್ಲಿ ಶುರುಮಾಡಿತು. ಪೆಟ್ಟಿಗೆಗಳಲ್ಲಿ ಬಿದ್ದಿದ್ದ ಹಸ್ತಪ್ರತಿಗಳನ್ನು ಅಚ್ಚಿಗೆ ತಂದ ಕೆಲಸ ಅದು. ಅದಿಲ್ಲದಿದ್ದರೆ ನಮ್ಮ ತಲೆಮಾರು ಅಂಬೇಡ್ಕರರನ್ನು ಓದುತ್ತಲೇ ಇರಲಿಲ್ಲ. ಆ ಋಣವನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳಬೇಕು.

'ಅನಿಹಿಲೇಷನ್ ಆಫ್ ಕ್ಯಾಸ್ಟ್' ಎಂಬುದು ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲದ ಸಮ್ಮೇಳನಕ್ಕಾಗಿ ಬರೆದ ಭಾಷಣ. ಮಂಡಲದವರು ಹೆದರಿ ಸಮ್ಮೇಳನವನ್ನೇ ರದ್ದು ಮಾಡಿದರು. ಅಂಬೇಡ್ಕರರು 1936ರಲ್ಲಿ ತಮ್ಮ ಖರ್ಚಿನಿಂದ 1500 ಪ್ರತಿ ಅಚ್ಚು ಹಾಕಿಸಿದರು. ಆಡಲು ವೇದಿಕೆ ಕೊಡದ ಮಾತು ಪುಸ್ತಕವಾಗಿ ತನ್ನ ಹೆಸರಿನ ಮೇಲೆ ತಾನೇ ನಿಂತು ಮರುಮುದ್ರಣ ಕಂಡಿತು, ಭಾಷೆಯಿಂದ ಭಾಷೆಗೆ ಹೋಯಿತು. 43 ವರ್ಷದ ಮೇಲೆ ಸರ್ಕಾರದ ಗಟ್ಟಿ ರಟ್ಟಿನೊಳಗೆ ಬಂತು. ಆಗ ಹೆಸರು ಒಳಗೆ ಹೋಯಿತು. ಸಂಪುಟ 1ರಲ್ಲಿ ಅದರ ಜೊತೆ 'ಕಾಸ್ಟ್ಸ್ ಇನ್ ಇಂಡಿಯಾ', 'ರಾನಡೆ, ಗಾಂಧಿ ಅಂಡ್ ಜಿನ್ನಾ', 'ಸ್ಟೇಟ್ಸ್ ಅಂಡ್ ಮೈನಾರಿಟೀಸ್', ಭಾಷಾವಾರು ಪ್ರಾಂತ್ಯಗಳ ಬರಹಗಳು, ಸಣ್ಣ ಹಿಡುವಳಿಗಳ ಮೇಲಿನ ಪ್ರಬಂಧ, ಇನ್ನೂ ಇವೆ. ಸಂಪುಟ 7ರಲ್ಲಿ ಶೂದ್ರರು ಯಾರು ಎಂಬ ಪುಸ್ತಕವೂ ಅಸ್ಪೃಶ್ಯರ ಮೂಲ ಹುಡುಕಿದ ಪುಸ್ತಕವೂ ಒಟ್ಟಿಗೆ ಇವೆ. 'ವೇಟಿಂಗ್ ಫಾರ್ ಎ ವೀಸಾ' ಸಂಪುಟ 12ರಲ್ಲಿ. ನಾನು ಕೆಲಸ ಮಾಡಿದ, ನೋಡಿದ ಗ್ರಂಥಾಲಯಗಳಲ್ಲಿ ಹೆಚ್ಚಿನವು ಇಡೀ ಸಾಲಿಗೆ ಒಂದೇ ಕಾರ್ಡು ಬರೆದು, ಹೊಸ ಸಂಪುಟ ಬಂದ ಹಾಗೆಲ್ಲ ಪೆನ್ಸಿಲಿನಲ್ಲಿ ನಂಬರು ಸೇರಿಸುತ್ತಿದ್ದವು.

ಇದಕ್ಕೆ ಶಾಸ್ತ್ರದ ಸಮರ್ಥನೆ ಉಂಟು. ಇದು ಮಾಲೆಯಲ್ಲ, ಹಲವು ಸಂಪುಟಗಳ ಒಂದೇ ಕೃತಿ. ಆದ್ದರಿಂದ ಒಂದೇ ನಮೂದು ಸಾಕು. ಹೌದೇ? ಒಂದು ಕೃತಿಯನ್ನು ಕಡಿದು ಹತ್ತು ಸಂಪುಟ ಮಾಡಿದರೆ ಆ ಮಾತು ಸರಿ. ಇಲ್ಲಿ ನಡೆದದ್ದು ತಿರುಗುಮುರುಗು. 1917ರಲ್ಲಿ ಅಚ್ಚಾದದ್ದು, 1936ರಲ್ಲಿ ಅಚ್ಚಾದದ್ದು, ಬದುಕಿದ್ದಾಗ ಅಚ್ಚೇ ಆಗದ್ದು, ಎಲ್ಲವನ್ನೂ ತಂದು ಒಂದೇ ಹೆಸರಿನ ಕೆಳಗೆ ಕಟ್ಟಿದ್ದಾರೆ. ಸೂಚಿಕಾರ ಮನಸ್ಸು ಮಾಡಿದ್ದರೆ ಮನುವಿಗೆ ಕೊಟ್ಟ ಉಪಚಾರವನ್ನು ಇಲ್ಲಿಗೂ ಕೊಡಬಹುದಿತ್ತು. ನಿಯಮ ಅಡ್ಡ ಬರುತ್ತಿರಲಿಲ್ಲ. ಒಳಗಿನದನ್ನು ಬಿಡಿಸಿ ಬರೆಯುವ ದಾರಿಯನ್ನು ರಂಗನಾಥನ್ನರೂ ತೋರಿದ್ದರು, ಅಮೆರಿಕದವರೂ ತೋರಿದ್ದರು. ಬರೆಯಲಿಲ್ಲ, ಅಷ್ಟೆ. ಮನುವಿನ ಕಾರ್ಡನ್ನು ದ್ವೇಷದಿಂದ ಬರೆದವರೂ ಇಲ್ಲ, ಪ್ರೀತಿಯಿಂದ ಬರೆದವರೂ ಇಲ್ಲ. ಅದು ಅಮೆರಿಕದಿಂದ ಅಚ್ಚಾಗಿಯೇ ಬರುತ್ತಿತ್ತು. ಇದನ್ನು ಇಲ್ಲಿ ಕೂತು ಬರೆಯಬೇಕಿತ್ತು.

1987ರಲ್ಲಿ ಸಂಪುಟ 4 ಬಂದಾಗಿನ ಕಥೆ ಎಲ್ಲರಿಗೂ ಗೊತ್ತು. 'ರಿಡಲ್ಸ್ ಇನ್ ಹಿಂದೂಯಿಸಂ'. ರಾಮ ಕೃಷ್ಣರ ಬಗೆಗಿನ ಅನುಬಂಧವನ್ನು ತೆಗೆಯಬೇಕೆಂದು ಶಿವಸೇನೆ ಬೀದಿಗಿಳಿಯಿತು. 1988ರ ಆರಂಭದಲ್ಲಿ ಮುಂಬಯಿಯ ದಲಿತರು ಅದಕ್ಕಿಂತ ದೊಡ್ಡ ಮೆರವಣಿಗೆಯಲ್ಲಿ ಉತ್ತರ ಕೊಟ್ಟರು. ಕೊನೆಗೆ ಆ ಅನುಬಂಧ ಉಳಿಯಿತು, ಅದರ ಅಭಿಪ್ರಾಯಗಳನ್ನು ಸರ್ಕಾರ ಒಪ್ಪುವುದಿಲ್ಲ ಎಂಬ ಅಡಿಟಿಪ್ಪಣಿಯೂ ಸೇರಿತು. ಆ ತಿಂಗಳುಗಳಲ್ಲಿ ನಮ್ಮ ಗ್ರಂಥಾಲಯಕ್ಕೆ ಹುಡುಗರು ಬಂದು 'ರಿಡಲ್ಸ್ ಇದೆಯಾ ಸಾರ್' ಎಂದು ಕೇಳುತ್ತಿದ್ದರು. ಖಾನೆಯಲ್ಲಿ ಆ ಹೆಸರಿರಲಿಲ್ಲ. ತೆಗೆಯಬೇಕು ಅಂದವರಿಗೆ ಪುಸ್ತಕದ ಹೆಸರು ಬಾಯಿಪಾಠವಾಗಿತ್ತು. ಓದಬೇಕು ಅಂದವರಿಗೆ ಮಾತ್ರ ಅದು 'ಸಂ. 4' ಆಗಿತ್ತು.

ಇನ್ನು ಆ ಮಾಲೆಯ ಹೆಸರಿನ ಮೊದಲ ಎರಡಕ್ಷರ: 'ಡಾ.' ಇಂಗ್ಲಿಷ್ ಅಕಾರಾದಿಯ ಹಳೆಯ ಅಮೆರಿಕನ್ ಕ್ರಮದಲ್ಲಿ ಈ ಸಂಕ್ಷೇಪವನ್ನು 'ಡಾಕ್ಟರ್' ಎಂದು ಪೂರ್ತಿ ಬರೆದಂತೆ ಭಾವಿಸಿ ಜೋಡಿಸಬೇಕಿತ್ತು. 1980ರ ಹೊಸ ಕ್ರಮದಲ್ಲಿ ಕಣ್ಣಿಗೆ ಕಂಡಂತೆ ಜೋಡಿಸಬೇಕು. ಕೆಲವು ಖಾನೆಗಳಲ್ಲಿ ಹಳೆಯದು, ಕೆಲವರಲ್ಲಿ ಹೊಸದು. ಕನ್ನಡಕ್ಕೂ ಈ ಸಂಪುಟಗಳನ್ನು ಸರ್ಕಾರವೇ ತಂದ ಮೇಲೆ ತೊಡಕು ಇನ್ನಷ್ಟಾಯಿತು. ಅಂಬೇಡ್ಕರ್, ಅಂಬೇಡ್ಕರ, ಅಂಬೇಡಕರ. ಬಾಬಾಸಾಹೇಬ ಸೇರಿಸಿ ಒಮ್ಮೆ, ಬಿಡಿಸಿ ಒಮ್ಮೆ. ಮಾಲೆ ಎಂದರೆ ನಮ್ಮಲ್ಲಿ ಹಾರ. ಏಪ್ರಿಲ್ 14ರಂದು ಫೋಟೋಕ್ಕೆ ಹಾಕುವ ಹಾರಕ್ಕೆ ಹೂವು ಎಷ್ಟೇ ಇದ್ದರೂ ದಾರ ಒಂದೇ. ನಮ್ಮ ಸೂಚಿಗಳಲ್ಲಿ ದಾರವೇ ನಾಲ್ಕು ಕಡೆ ತುಂಡು.

ಈ ತುಂಡುಗಳನ್ನು ಗಂಟು ಹಾಕುವ ಕೆಲಸಕ್ಕೊಂದು ಪದ್ಧತಿ ಇದೆ. ಮಾಲೆಯ ಹೆಸರಿಗೇ ಒಂದು ಆಧಾರ ದಾಖಲೆ ಮಾಡುವುದು. ಒಪ್ಪಿದ ರೂಪ ಇದು. ಬೇರೆ ರೂಪ ಹಿಡಿದು ಬಂದವರನ್ನು ಇಲ್ಲಿಗೆ ಕಳಿಸಿ. ಅದರ ಜೊತೆ ಮೂರು ತೀರ್ಮಾನ ಬರೆದಿಡುತ್ತಾರೆ. ಮಾಲೆಯ ಒಂದೊಂದು ಪುಸ್ತಕಕ್ಕೂ ಬೇರೆ ನಮೂದು ಬೇಕೇ? ಮಾಲೆಯ ಹೆಸರಿನಿಂದ ಹುಡುಕಲು ದಾರಿ ಬೇಕೇ? ಕಪಾಟಿನಲ್ಲಿ ಎಲ್ಲವನ್ನೂ ಒಟ್ಟಿಗೆ ಇಡಬೇಕೇ, ವಿಷಯದ ಪ್ರಕಾರ ಚದುರಿಸಬೇಕೇ? ಒಮ್ಮೆ ಯೋಚಿಸಿ ಬರೆದಿಟ್ಟರೆ ಮುಂದೆ ಬರುವವರು ಮತ್ತೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ದಶಕಗಳ ಕಾಲ ಮಾಡಿತು. ಅದರಲ್ಲಿ ನಮ್ಮ ಪಾಲೂ ಇದೆ. ಪಿ.ಎಲ್. 480ರ ಕೆಳಗೆ ನಮ್ಮ ದೇಶ ಅಮೆರಿಕದ ಗೋಧಿ ತರಿಸಿ ರೂಪಾಯಿಯಲ್ಲಿ ಕೊಟ್ಟ ಹಣದ ಒಂದು ಭಾಗದಿಂದ 1962ರಲ್ಲಿ ದೆಹಲಿಯಲ್ಲಿ ಅವರ ಕಚೇರಿ ತೆರೆಯಿತು. ಅಲ್ಲಿಂದ ಕನ್ನಡದ ಪುಸ್ತಕಗಳೂ ಅಮೆರಿಕದ ವಿಶ್ವವಿದ್ಯಾನಿಲಯಗಳಿಗೆ ಹೋದವು. ಇಲ್ಲಿ ಯಾರೂ ಪಟ್ಟಿ ಮಾಡದ ನಮ್ಮ ಎಷ್ಟೋ ಪುಸ್ತಕಗಳ ಹೆಸರು, ಮಾಲೆ, ಸಂಖ್ಯೆ ಅಲ್ಲಿನ ಸೂಚಿಯಲ್ಲಿ ಸಿಗುತ್ತವೆ.

2006ರ ಏಪ್ರಿಲ್ 20ರಂದು ಆ ಗ್ರಂಥಾಲಯ, ಇನ್ನು ಮುಂದೆ ಮಾಲೆಗಳಿಗೆ ಆಧಾರ ದಾಖಲೆ ಮಾಡುವುದಿಲ್ಲ ಎಂದು ಸಾರಿತು. ಪುಸ್ತಕದ ಮೇಲೆ ಕಂಡ ಮಾಲೆಯ ಹೆಸರನ್ನು ಕಂಡಂತೆ ಬರೆದು ಬಿಡುತ್ತೇವೆ, ತಿದ್ದುವುದಿಲ್ಲ, ಜೋಡಿಸುವುದಿಲ್ಲ. ಖರ್ಚು ಉಳಿಯುತ್ತದೆ, ಕಂಪ್ಯೂಟರಿನಲ್ಲಿ ಯಾವ ಪದ ಹೊಡೆದರೂ ಹುಡುಕುತ್ತದಲ್ಲ ಎಂಬುದು ಸಮಜಾಯಿಷಿ. ಸೂಚಿಕಾರರು ಸುಮ್ಮನೆ ಕೂರಲಿಲ್ಲ. ಆ ಗ್ರಂಥಾಲಯದ ನೌಕರರ ಸಂಘವೇ ವಿರೋಧಿಸಿತು, ಹೊರಗಿನ ಗ್ರಂಥಪಾಲಕರು ಸಹಿ ಸಂಗ್ರಹಿಸಿದರು. ಜಾರಿಯ ದಿನ ಮೇ 1ರಿಂದ ಜೂನ್ 1ಕ್ಕೆ ಹೋಯಿತು. ತೀರ್ಮಾನ ಬದಲಾಗಲಿಲ್ಲ. ಮೇ 1, ಕಾರ್ಮಿಕರ ದಿನ. ಬೇಕೆಂದೇ ಆ ದಿನ ಆರಿಸಿದ್ದರೆಂದು ನಾನು ಹೇಳುವುದಿಲ್ಲ.

ಯಂತ್ರ ಹುಡುಕುತ್ತದೆ, ನಿಜ. ಬರೆದದ್ದನ್ನು ಹುಡುಕುತ್ತದೆ. ಬರೆಯದೆ ಬಿಟ್ಟದ್ದನ್ನು ಯಾವ ಯಂತ್ರವೂ ಹುಡುಕಲಾರದು. ಸಂಪುಟ 1ರ ಪರಿವಿಡಿಯನ್ನು ಯಾರೂ ಒಳಗೆ ಟೈಪು ಮಾಡದಿದ್ದರೆ, 'ಅನಿಹಿಲೇಷನ್' ಎಂದು ಹೊಡೆದವನಿಗೆ ಪರದೆ ಕೊಡುವ ಉತ್ತರ 1983ರಲ್ಲಿ ಕೌಂಟರಿನವರು ನನಗೆ ಕೊಟ್ಟ ಉತ್ತರವೇ. ಇತ್ತೀಚೆಗೆ ಒಂದು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹೊಡೆದು ನೋಡಿದೆ. ಒಂದು ಪುಸ್ತಕ ಬಂತು. 2014ರಲ್ಲಿ ಅರುಂಧತಿ ರಾಯ್ ಅವರ ದೀರ್ಘ ಮುನ್ನುಡಿಯೊಂದಿಗೆ ಬಂದ ಆವೃತ್ತಿ. ಅದಕ್ಕೆ ಸ್ವಂತ ಹೆಸರಿದೆ, ಹಾಗಾಗಿ ಸಿಕ್ಕಿತು. ಒಂದೇ ಪ್ರತಿ, ಯಾರೋ ತೆಗೆದುಕೊಂಡು ಹೋಗಿದ್ದರು. ಅದೇ ಗ್ರಂಥಾಲಯದಲ್ಲಿ ಅದೇ 2014ರಲ್ಲಿ ಕೇಂದ್ರದ ಅಂಬೇಡ್ಕರ್ ಪ್ರತಿಷ್ಠಾನ ಮರುಮುದ್ರಿಸಿದ ಸಂಪುಟ 1ರ ಮೂರು ಪ್ರತಿ ಕಪಾಟಿನಲ್ಲಿ ಸಾಲಾಗಿ ಕೂತಿದ್ದವು. ಪರದೆಯ ಮೇಲೆ ಅವುಗಳ ಸುಳಿವಿಲ್ಲ.

ನಾನು ಆ ಕೆಲಸಕ್ಕೆ ಸೇರಿದ ವರ್ಷ, ಪರಿವಿಡಿ ನೋಡಿದ ಆ ವಾರವೇ, ಶನಿವಾರ ಮಧ್ಯಾಹ್ನ ಕೂತು ಸಂಪುಟ 1ರ ಒಂದೊಂದು ಬರಹಕ್ಕೂ ಒಂದೊಂದು ಕಾರ್ಡು ಟೈಪು ಮಾಡಿದ್ದೆ. ಮೇಲೆ ಬರಹದ ಹೆಸರು, ಕೆಳಗೆ 'ನೋಡಿ' ಎಂದು, ಬ್ರಾಕೆಟ್ಟಿನಲ್ಲಿ ಮಾಲೆಯ ಹೆಸರು, ಅರ್ಧವಿರಾಮ, 1. ಮೇಲಿನವರು ನೋಡಿ 'ಕಾರ್ಡು ಲೆಕ್ಕಕ್ಕೆ ಸಿಗಬೇಕಲ್ಲಪ್ಪ, ಯಾರು ಹೇಳಿದ್ರು ನಿಂಗೆ' ಅಂದರು. ಕಿತ್ತು ಹಾಕಲಿಲ್ಲ, ಅದೊಂದು ಒಳ್ಳೆಯತನ. ಕಂಪ್ಯೂಟರು ಬಂದ ಮೇಲೆ ಖಾನೆಗಳನ್ನು ಬರಿದು ಮಾಡಿ, ಕಾರ್ಡುಗಳನ್ನು ಕಟ್ಟುಕಟ್ಟಾಗಿ ಮೇಜಿನ ಮೇಲೆ ಇಟ್ಟಿದ್ದರು, ಓದುಗರು ನಂಬರು ಗೀಚಿಕೊಳ್ಳಲಿ ಎಂದು. ಒಂದು ದಿನ ಹುಡುಗಿಯೊಬ್ಬಳು ಪುಸ್ತಕದ ನಂಬರು ಬರೆದ ಚೀಟಿ ತಂದು ನನ್ನ ಕೈಗೆ ಕೊಟ್ಟಳು. ತಿರುಗಿಸಿದೆ. ನನ್ನ ಟೈಪು, ಅರ್ಧವಿರಾಮದ ಪಕ್ಕ ಖಾಲಿ ಜಾಗ ಬಿಟ್ಟಿರಲಿಲ್ಲ. 'ಈ ಪುಸ್ತಕ ಬೇಕಾ?' ಅಂತ ಕೇಳಿದೆ. 'ಅದಲ್ಲ ಸಾರ್, ಈ ಕಡೇದು' ಅಂತ ಕಾರ್ಡು ಮಗುಚಿ ತೋರಿಸಿದಳು.